ಮಾಳವ್ವನ ಉಡಿಯ ಸೊಪ್ಪು

ಹೋದ ತಿಂಗಳು ಬಾದಾಮಿಯಲ್ಲಿ ಒಂದು ಕೆಲಸವಿತ್ತು. ಹುಬ್ಬಳ್ಳಿ ಕಡೆಯಿಂದ ಬಂದ ಬಸ್ಸು ನನ್ನನ್ನು ಕೆರೂರಿನಲ್ಲಿ ಇಳಿಸಿ ಮುಂದೆ ಹೋಯಿತು. ಬಾದಾಮಿ ಬಸ್ಸು ಬರಲು ಇನ್ನೂ ಅರ್ಧ ತಾಸು ಇತ್ತು. ಚಹಾದ ಗಾಡಿಯ ಹತ್ತಿರ ನಿಂತೆ. ಪಕ್ಕದಲ್ಲೇ ಬೀಜ, ಗೊಬ್ಬರ, ಔಷಧಗಳ ಅಂಗಡಿ. ಅದರ ಕಟ್ಟೆಯ ಮೇಲೆ ಒಬ್ಬ ರೈತ ದೊಡ್ಡ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, ಅಂಗಡಿಯವನಿಗೆ ಏನೋ ಕೇಳುತ್ತಿದ್ದ. ಸಾಬೂನಿನಂಥ, ಗಂಟಲಿಗೆ ಹತ್ತುವ ಆ ವಾಸನೆ ಗಾಳಿಯೊಡನೆ ನನ್ನವರೆಗೂ ಬಂತು. ಚಹಾದ ಗ್ಲಾಸನ್ನು ಅರ್ಧಕ್ಕೇ ಇಟ್ಟು ಬಂದು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತೆ. ಕಳೆಗೆ ಹೊಡೆಯುವ ಔಷಧದ ವಾಸನೆ ಅದು. ಇಲ್ಲಿಯ ಜನ ಅದನ್ನು ಕಸದ ಎಣ್ಣಿ ಅನ್ನುತ್ತಾರೆ. ಕೆರೂರಿನಿಂದ ಬಹಳ ದೂರವೇನೂ ಇಲ್ಲದ ಒಂದು ಹಳ್ಳಿಯ ಹೊಲದಲ್ಲಿ, ಕೆಲವು ವರ್ಷಗಳ ಹಿಂದೆ, ನಾನು ಆ ವಾಸನೆಯ ನಡುವೆ ನಿಂತು ಫೋಟೋ ತೆಗೆದಿದ್ದೆ.

ಆಗ ನನಗೆ ಇಪ್ಪತ್ತಾರು ವರ್ಷ. ಹುಟ್ಟಿ ಬೆಳೆದದ್ದು ಇಳಕಲ್ಲಿನಲ್ಲಿ. ಅಪ್ಪ ಗ್ರಾನೈಟ್ ಕೊಯ್ಯುವ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಹೀಗಾಗಿ ಕಲ್ಲಿನ ಬಗ್ಗೆ ನಾಲ್ಕು ಮಾತು ಗೊತ್ತಿತ್ತೇ ಹೊರತು ಮಣ್ಣಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಆಹಾರ ಮತ್ತು ಪೋಷಣೆಯ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಸಂಶೋಧನೆಯಲ್ಲಿ ಕ್ಷೇತ್ರ ಸಹಾಯಕಿಯಾಗಿ ಸೇರಿದ್ದೆ. ಮಣ್ಣಿನವರು, ಬೆಳೆಯವರು, ಊಟದವರು ಎಲ್ಲರೂ ಕೂಡಿ ಒಂದೇ ಊರನ್ನು ನೋಡುವ ಕೆಲಸ ಅದು. ಮಣ್ಣು ಕೆಡಿಸದೆ ಬೆಳೆಯುವುದು ಹೇಗೆ, ಬೆಳೆದದ್ದರಲ್ಲಿ ಮನೆಯವರ ಊಟದ ಗಂಗಾಳಕ್ಕೆ ಬೀಳುವುದು ಎಷ್ಟು ಎಂದು ತಿಳಿಯಬೇಕಿತ್ತು. ನಮ್ಮ ಮುಖ್ಯಸ್ಥರು ಪಾಟೀಲ ಸರ್. ಬೆಳೆ ವಿಜ್ಞಾನಿ. ಮೊದಲ ದಿನವೇ ನಮ್ಮನ್ನೆಲ್ಲ ಕೂರಿಸಿಕೊಂಡು, "ಇಷ್ಟು ದಿನಾ ಒಬ್ಬೊಬ್ಬರು ಒಂದೊಂದು ಕಿಟಕಿಯೊಳಗಿಂದ ಹೊಲಾ ನೋಡೀವಿ. ಈ ಸಲ ಎಲ್ಲಾರೂ ಹೊರಗ ಬಂದು ನೋಡೂಣು" ಎಂದಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು.

ಹನ್ನೆರಡು ಮನೆಗಳನ್ನು ನನಗೆ ವಹಿಸಿದ್ದರು. ವಾರಕ್ಕೊಮ್ಮೆ ಪ್ರತಿ ಮನೆಗೆ ಹೋಗಿ, ಆ ದಿನ ಅವರು ಬೇಯಿಸುವುದನ್ನೆಲ್ಲ ಬೇಯಿಸುವ ಮೊದಲು ತೂಗಿ, ಟ್ಯಾಬಿನಲ್ಲಿ ತುಂಬಬೇಕು. ಜೋಳ ಇಷ್ಟು, ಬೇಳೆ ಇಷ್ಟು, ಎಣ್ಣೆ ಇಷ್ಟು. ಕೊನೆಯಲ್ಲಿ ಒಂದು ಸಾಲು: 'ಬಿತ್ತದೆ ಬಂದ ಸೊಪ್ಪು'.

ಆ ಹನ್ನೆರಡರಲ್ಲಿ ಒಂದು ಮಾಳವ್ವನ ಮನೆ. ಬೀರಪ್ಪ ದೇವರ ಒಕ್ಕಲು. ಗಂಡ ಮತ್ತು ಮಗ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ಮಾಳವ್ವ ಮತ್ತು ಸೊಸೆ ರೇಣವ್ವ, ಇಬ್ಬರೇ. ಮೂರು ಎಕರೆ ಕಪ್ಪು ಹೊಲವನ್ನು ಮಾಳವ್ವನೇ ನೋಡಿಕೊಳ್ಳುತ್ತಿದ್ದಳು. ಐವತ್ತೈದರ ಆಸುಪಾಸಿನ, ತೆಳ್ಳಗೆ ಎತ್ತರದ ಹೆಂಗಸು. ನಾನು ಮೊದಲ ಸಲ ತಕ್ಕಡಿ ಹಿಡಿದು ಅವಳ ಒಲೆಯ ಮುಂದೆ ಕೂತಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳು.

"ಬಾಯಾರ, ನಮ್ಮ ರೊಟ್ಟಿ ತೂಕಾ ಮಾಡಿ ಏನ್ ಮಾಡ್ತೀರಿ? ಕಡಿಮಿ ಬಿದ್ರ ನೀವು ಎರಡು ಹಾಕ್ತೀರೇನು?"

"ಹಾಕಂಗಿಲ್ರಿ. ಬರಕೊಂಡು ಹೋಗ್ತೇನಿ ಅಷ್ಟ."

"ಬರಕೋರ್ರಿ ಬರಕೋರ್ರಿ. ಯಾರರೆ ಕೇಳಾಕ ಬಂದ್ರಲ್ಲ, ಅದ ಭಾಳ ಆತು."

ಜೂನ್ ತಿಂಗಳ ಮಳೆ ಆ ವರ್ಷ ಸರಿಯಾಗಿ ಬಿತ್ತು. ಹೆಸರು ಬಿತ್ತಿದ್ದರು. ಬಿತ್ತಿದ ಹೆಸರಿಗಿಂತ ಬಿತ್ತದೆ ಹುಟ್ಟಿದ್ದೇ ಹೆಚ್ಚು ಕಾಣುತ್ತಿತ್ತು. ಮೊದಲ ಎರಡು ವಾರ ನಾನು ನಿಯಮದ ಪ್ರಕಾರ ಬೆಳಗಿನ ಏಳು ಗಂಟೆಗೇ ಮಾಳವ್ವನ ಜೊತೆ ಹೊಲಕ್ಕೆ ಹೋದೆ. ಕಸ ತೆಗೆಯುತ್ತ ಅವಳು ಕೆಲವನ್ನು ಬದುವಿನಾಚೆ, ಅವಳ ಮಾತಿನಲ್ಲಿ ಒಡ್ಡಿನಾಚೆ, ಎಸೆಯುತ್ತಿದ್ದಳು, ಕೆಲವನ್ನು ಸೀರೆಯ ಉಡಿಯೊಳಗೆ ಹಾಕಿಕೊಳ್ಳುತ್ತಿದ್ದಳು. ಯಾವುದು ಎಸೆಯುವುದು, ಯಾವುದು ಇಟ್ಟುಕೊಳ್ಳುವುದು ನನಗೆ ತಿಳಿಯುತ್ತಿರಲಿಲ್ಲ. ಅವಳೇ ಒಂದೊಂದನ್ನು ಮೂಗಿನ ಹತ್ತಿರ ಹಿಡಿದು ತೋರಿಸಿದಳು. ಇದು ಗೋಳಿ, ಬೇಳೆಯೊಳಗೆ ಹಾಕುವುದು. ಇದು ಕಿರಕಸಾಲಿ, ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಡುವುದು. ಇದು ಹಕ್ಕರಕಿ, ಇದಕ್ಕೆ ಒಲೆ ಬೇಕಿಲ್ಲ.

ಹೊತ್ತೇರಿದ ಮೇಲೆ ಬದುವಿನ ಮೇಲೆ ಕೂತು ರೊಟ್ಟಿ ಬಿಚ್ಚಿದಳು. ನನ್ನ ಕೈಯಲ್ಲೂ ಒಂದು ಸಜ್ಜೆರೊಟ್ಟಿ, ಅದರ ಮೇಲೆ ಶೇಂಗಾದ ಖಾರದ ಹಿಂಡಿ. ಪಕ್ಕದಲ್ಲಿದ್ದ ಹಕ್ಕರಕಿಯನ್ನು ಕಿತ್ತು ಮಣ್ಣು ಝಾಡಿಸಿ ಇಟ್ಟಳು.

"ತಿನ್ನು ತಂಗಿ. ಔಷಧ ಇದ್ದಂಗ ಇದು."

ಮೇಡಂ ಅನ್ನುವಂಥ ಆ 'ಬಾಯಾರ' ಹೋಗಿ 'ತಂಗಿ' ಆದದ್ದು ಅಲ್ಲಿಂದ. ನಾನೂ 'ರಿ' ಬಿಟ್ಟು, ತಾಯಿಗೆ ಅನ್ನುವ ಹಾಗೆ 'ಬೇ' ಅನ್ನತೊಡಗಿದೆ. ಹಕ್ಕರಕಿ ಸ್ವಲ್ಪ ಕಹಿ, ಆಮೇಲೆ ನಾಲಗೆಯ ಮೇಲೆ ತಂಪು. ಎರಡು ರೊಟ್ಟಿ ತಿಂದೆ. ಆ ವಾರ ಟ್ಯಾಬಿನಲ್ಲಿ ಐದು ಬಗೆಯ ಸೊಪ್ಪಿನ ತೂಕ ತುಂಬಿ, ಬಹಳ ದೊಡ್ಡದೇನನ್ನೋ ಕಂಡುಹಿಡಿದವಳಂತೆ ಬೀಗಿದ್ದೆ.

ಮೂರನೆಯ ವಾರ ಜಡಿಮಳೆ ಹಿಡಿಯಿತು. ಕಪ್ಪು ಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಒಂದೊಂದು ಇಟ್ಟಿಗೆಯಾಗುತ್ತಿತ್ತು. ಕೆರೂರಿನ ಬಾಡಿಗೆ ಕೋಣೆಯಿಂದ ಮೊದಲ ಬಸ್ಸಿಗೆ ಹೊರಟರಷ್ಟೇ ಏಳಕ್ಕೆ ಹೊಲ ಮುಟ್ಟಲು ಸಾಧ್ಯ. ನಾನು ಎರಡನೆಯ ಬಸ್ಸಿಗೆ ಹೋಗತೊಡಗಿದೆ. ನಾನು ಹೋಗುವಷ್ಟರಲ್ಲಿ ಸೊಪ್ಪು ಪಾತ್ರೆಯೊಳಗೆ ಬೆಂದಿರುತ್ತಿತ್ತು, ಇಲ್ಲವೇ ಹೊಲದಲ್ಲೇ ತಿಂದು ಮುಗಿದಿರುತ್ತಿತ್ತು. "ಇವತ್ತ ಏನ್ ಪಲ್ಯಾ ಬೇ?" ಎಂದು ಕೇಳಿದರೆ ಮಾಳವ್ವ, "ಪಲ್ಯಾ ಏನ್ ಬಂತು, ಖಾರಬ್ಯಾಳಿ ರೊಟ್ಟಿ" ಅನ್ನುತ್ತಿದ್ದಳು. ಉಳಿದ ಹನ್ನೊಂದು ಮನೆಯ ಹೆಂಗಸರ ಉತ್ತರವೂ ಅದೇ. ಸಂತೆಯಿಂದ ತಂದದ್ದು ಮಾತ್ರ ಪಲ್ಯ. ಉಡಿಯೊಳಗೆ ಬಂದದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಅದನ್ನು ಬಡತನವೆಂದೂ ಸಿರಿಯೆಂದೂ ಎಣಿಸುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ.

ಟ್ಯಾಬಿನಲ್ಲಿ ಆ ಸಾಲನ್ನು ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಸೊನ್ನೆ ಒತ್ತಿದರೆ ತೆರೆಯುತ್ತಿತ್ತು. ಮೊದಲ ಸಲ ಸೊನ್ನೆ ಒತ್ತುವಾಗ ಮುಂದಿನ ವಾರ ಸರಿಮಾಡಿದರಾಯಿತು ಅಂದುಕೊಂಡೆ. ಎರಡನೆಯ ಸಲ ಹಾಗೆ ಅಂದುಕೊಳ್ಳಲೂ ಇಲ್ಲ. ಒಂದು ವಾರವಂತೂ ಮಾಳವ್ವ ನನ್ನ ಮುಂದೆಯೇ ಉಡಿ ಬಿಚ್ಚಿ ಮೊರಕ್ಕೆ ಸುರುವಿದಳು. ತಕ್ಕಡಿ ಚೀಲದ ತಳದಲ್ಲಿತ್ತು. ವಾಪಸು ಬಸ್ಸು ಹತ್ತು ನಿಮಿಷದಲ್ಲಿತ್ತು. ಮೊರದ ತುಂಬ ಕಿರಕಸಾಲಿ ನೋಡುತ್ತ ನಾನು ಸೊನ್ನೆ ಒತ್ತಿದೆ. ಜುಲೈ ಮುಗಿಯಿತು, ಆಗಸ್ಟ್ ಮುಗಿಯುತ್ತ ಬಂತು. ಮೊದಲ ಎರಡು ವಾರ ಬಿಟ್ಟರೆ ಹನ್ನೆರಡು ಮನೆಯ ಆ ಸಾಲು ಮೇಲಿನಿಂದ ಕೆಳಗಿನವರೆಗೆ ಸೊನ್ನೆ.

ಆ ದಿನಗಳಲ್ಲೇ ರೇಣವ್ವ ಬಸುರಿಯಾದದ್ದು. ಆಶಾ ಕಾರ್ಯಕರ್ತೆ ಬಂದು ನೋಡಿ, ಮೈಯಲ್ಲಿ ರಕ್ತ ಕಡಿಮೆಯಿದೆ ಎಂದು ಗುಳಿಗೆ ಕೊಟ್ಟು ಹೋಗಿದ್ದಳು. ಗುಳಿಗೆ ನುಂಗಿದರೆ ಹುಡುಗಿಗೆ ವಾಂತಿ. ಮಾಳವ್ವ ಬಿಡಲಿಲ್ಲ. ಊಟದ ನಡುವೆ ಗುಳಿಗೆ ನುಂಗಿಸುವುದು ಒಂದು ಕಡೆ, ದಿನಾ ಸೊಪ್ಪು ತಿನ್ನಿಸುವುದು ಇನ್ನೊಂದು ಕಡೆ. "ಹೊಟ್ಟ್ಯಾಗ ನಿಲ್ಲೂದು ಇದೊಂದ" ಎಂದು ಅವಳು ನನ್ನೆದುರಿಗೇ ಸೊಸೆಯ ಗಂಗಾಳಕ್ಕೆ ಗೋಳಿ ಹಾಕಿದ ಬೇಳೆಯನ್ನು ಮತ್ತೆ ಬಡಿಸುತ್ತಿದ್ದಳು. ಊಟದ ವಿಷಯ ಓದಿದವಳು ನಾನು. ಅದರ ಬೆಲೆ ಆ ಮನೆಯಲ್ಲಿ ಯಾರಿಗಾದರೂ ಗೊತ್ತಿರಬೇಕಾದರೆ ಅದು ನನಗೆ.

ಆಗಸ್ಟ್ ಕೊನೆಗೆ ಬಾಗಲಕೋಟೆಯಲ್ಲಿ ನಮ್ಮ ಸಭೆ ನಡೆಯಿತು. ಮಣ್ಣಿನವರು ತಮ್ಮ ಚಿತ್ರಗಳನ್ನು ತೋರಿಸಿದರು. ಮತ್ತೆ ಮತ್ತೆ ಉಳುವುದರಿಂದ, ಕುಂಟೆ ಹೊಡೆದು ಹರಗುವುದರಿಂದ ಮೇಲ್ಮಣ್ಣು ಕೊಚ್ಚಿ ಹೋಗುತ್ತಿದೆ, ತೇವ ನಿಲ್ಲುತ್ತಿಲ್ಲ ಎಂದರು. ಪಾಟೀಲ ಸರ್ ಅದಕ್ಕೊಂದು ಉಪಾಯ ಮುಂದಿಟ್ಟರು. ಹಿಂಗಾರಿ ಜೋಳಕ್ಕೆ ಮುಂಚೆ ಉಳುವುದನ್ನು ಬಿಟ್ಟು, ಹೊಲಕ್ಕೂ ಬದುವಿಗೂ ಒಮ್ಮೆ ಕಳೆಗೆ ಔಷಧ ಹೊಡೆದು ನೇರವಾಗಿ ಬಿತ್ತುವುದು. ಮಣ್ಣೂ ಉಳಿಯುತ್ತದೆ, ಹೆಂಗಸರ ಸೊಂಟವೂ ಉಳಿಯುತ್ತದೆ. ಅವರ ಮಾತಿನಲ್ಲಿ ಕಪಟವಿರಲಿಲ್ಲ. ದಿನಗಟ್ಟಲೆ ಬಗ್ಗಿ ಕಸ ತೆಗೆಯುವ ಹೆಂಗಸರನ್ನು ಅವರೂ ಕಂಡಿದ್ದರು.

ಆಮೇಲೆ ನನ್ನ ಕಡೆ ತಿರುಗಿದರು. "ಊಟದ ಕಡಿಂದ ಇದಕ್ಕ ಏನರೆ ಅಡಚಣಿ ಐತೇನ್ರಿ? ಸೊಪ್ಪು-ಗಿಪ್ಪು ತರ್ತಾರಂತ ಮೊದಲ ಎರಡು ವಾರ ಬರದಿದ್ರಿ. ಆಮ್ಯಾಲ ಏನೂ ಇಲ್ಲ?"

ಗೋಡೆಯ ಮೇಲೆ ನನ್ನ ಸೊನ್ನೆಗಳು ಬೆಳಗುತ್ತಿದ್ದವು. ಇಷ್ಟೇ ಹೇಳಬೇಕಿತ್ತು: ಸರ್, ನಾನು ತೂಗಲಿಲ್ಲ, ಒತ್ತಿಬಿಟ್ಟೆ. ಎಂಟು ಜನ ಕೂತಿದ್ದರು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಂಡು ಬಂದವರು.

"ಇಲ್ಲ ಸರ್" ಎಂದೆ. "ಮುಂಗಾರಿನ ಸುರೂದಾಗಷ್ಟ ಇರಬೇಕು."

ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಪ್ರಯೋಗಕ್ಕೆ ನಾಲ್ಕು ಹೊಲ ಬೇಕಿತ್ತು. ಮಾಳವ್ವನದು ಅದರಲ್ಲೊಂದು. ಪಾಟೀಲ ಸರ್ ತಾವೇ ಬಂದು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಒತ್ತಾಯ ಮಾಡಲಿಲ್ಲ. ಮಾಳವ್ವ ಕೇಳಿಸಿಕೊಂಡು, ಅವರನ್ನು ಬಿಟ್ಟು ನನ್ನ ಮುಖ ನೋಡಿದಳು.

"ನೀ ಏನಂತಿ ತಂಗಿ? ಒಡ್ಡಿನ ಮ್ಯಾಲಿನ ಸೊಪ್ಪೂ ಸಾಯ್ತೈತಂತ."

"ಹೊಡಸು ಬೇ. ಕಸಾ ತಗಿಯೂದು ತಪ್ಪತೈತಿ ನಿನಗ."

"ನೀ ಹೇಳ್ತಿ ಅಂದ್ರ ಆತು" ಎಂದು ಕಾಗದದ ಮೇಲೆ ಹೆಬ್ಬೆರಳು ಒತ್ತಿದಳು.

ಔಷಧ ಹೊಡೆದ ದಿನ ನಾನು ಹೊಲದಲ್ಲಿದ್ದೆ. ಬೆನ್ನಿಗೆ ಪಂಪು ಕಟ್ಟಿದವರು ಸಾಲುಹಿಡಿದು ಹೋದರು. ನಾನು ಹೊಡೆಯುವ ಮುಂಚಿನದೊಂದು, ನಂತರದ್ದೊಂದು ಎಂದು ಫೋಟೋ ತೆಗೆದೆ. ನಾಲ್ಕನೆಯ ದಿನಕ್ಕೆ ಹಳದಿ, ಹತ್ತನೆಯ ದಿನಕ್ಕೆ ಹೊಲವೂ ಬದುವೂ ಹುರಿದ ಹಾಗೆ ಕಂದು. ಮಾಳವ್ವ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಒಣಗಿದ್ದನ್ನು ಕೈಯಿಂದ ಸರಿಸಿ ನೋಡಿದಳು. ಎದ್ದು ಸೀರೆ ಝಾಡಿಸಿಕೊಂಡಳು. ಜೋಳ ಬಿತ್ತಿದರು. ಮಣ್ಣಿನಲ್ಲಿ ತೇವ ನಿಂತಿತು, ಮೊಳಕೆ ಒಂದೇ ಸಮನಾಗಿ ಎದ್ದಿತು. ಪಾಟೀಲ ಸರ್ ಅಂದದ್ದು ಸುಳ್ಳಾಗಲಿಲ್ಲ.

ಮುಂದಿನ ವಾರ ಹೋದಾಗ ಮನೆಯಲ್ಲಿ ರೇಣವ್ವ ಒಬ್ಬಳೇ ಇದ್ದಳು.

"ಅತ್ತಿ ಎಲ್ಲಿ?"

"ಹಳ್ಳಾ ದಾಟಿ ಗುಡ್ಡಕ್ಕ ಹೋಗ್ಯಾಳ್ರಿ. ಹೊಲದಾಗ ಏನೂ ಉಳಿದಿಲ್ಲ. ಬ್ಯಾಡ ಅಂದ್ರೂ ಕೇಳಂಗಿಲ್ಲ. ನನಗ ತಿನಿಸಬೇಕಂತ."

ಆ ಕಡೆಯ ಗುಡ್ಡ ಕೆಂಪು ಕಲ್ಲಿನದು. ಮಳೆಗಾಲದಲ್ಲಿ ಅದರ ಮೈಮೇಲೆ ಜಾರುವ ಹಾವಸೆ ಹತ್ತುತ್ತದೆ. ಹಾಗೆ ಕೇಳಿಯೂ ನಾನು ಆ ದಿನ ಜೋಳ, ಬೇಳೆ, ಎಣ್ಣೆ ತೂಗಿ, ಸೊಪ್ಪಿಗೆ ಸೊನ್ನೆ ಹಾಕಿ ಬಂದೆ. ಹೊಲದ ಮಟ್ಟಿಗೆ ಆ ವಾರದ ಸೊನ್ನೆ ಮಾತ್ರ ನಿಜವಾಗಿತ್ತು.

ಅದಾಗಿ ಮೂರು ದಿನಕ್ಕೆ ಮಾಳವ್ವ ಗುಡ್ಡದ ಮೇಲಿಂದ ಜಾರಿ ಬಿದ್ದಳು. ಕುರಿ ಕಾಯುವವರು ಕಂಡು ಎತ್ತಿಕೊಂಡು ಬಂದರಂತೆ. ಬಲಗೈಯ ಮಣಿಕಟ್ಟು ಮುರಿದಿತ್ತು. ನನಗೆ ತಿಳಿದಾಗ ಅವಳು ಬಾದಾಮಿಯ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಎಡಗೈಯಿಂದ ಉಡಿ ಹಿಡಿದುಕೊಂಡೇ ಇದ್ದಳು. ಅದರೊಳಗೆ ಬಾಡಿದ ಒಂದು ಹಿಡಿ ಸೊಪ್ಪು.

"ಕೈ ಹೋದ್ರ ಹೋತು, ಉಡಿ ಬಿಟ್ಟಿಲ್ಲ ನೋಡು" ಎಂದು ನಕ್ಕಳು. ಆ ನಗುವಿನ ಮುಂದೆ ನಿಲ್ಲಲಾಗದೆ ಔಷಧದ ಚೀಟಿ ಇಸಿದುಕೊಂಡು ಹೊರಗೆ ಬಂದೆ.

ಮೂಳೆ ಕೂಡಿತು, ಕೈ ಮಾತ್ರ ಮೊದಲಿನಂತೆ ತಿರುಗಲಿಲ್ಲ. ರೊಟ್ಟಿ ಬಡಿಯಲು ಅಂಗೈ ಅಗಲವಾಗಿ ಬೀಳಬೇಕು. ಅವಳದು ಓರೆಯಾಗಿ ಬೀಳುತ್ತಿತ್ತು. ಬಸುರಿ ರೇಣವ್ವ ಒಲೆಯ ಮುಂದೆ ಕೂತು ಬಡಿಯುತ್ತಿದ್ದರೆ ಮಾಳವ್ವ ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆಯನ್ನು ಎಡಗೈಯಲ್ಲಿ ಒತ್ತುತ್ತ ನೋಡುತ್ತಿದ್ದಳು.

ಜೋಳ ಹೊಡೆ ಹಾಯುವ, ತೆನೆ ಮೂಡುವ ಕಾಲಕ್ಕೆ ನನ್ನಿಂದ ಇನ್ನು ಮುಚ್ಚಿಡಲು ಆಗಲಿಲ್ಲ. ಒಂದು ಮಧ್ಯಾಹ್ನ ತಕ್ಕಡಿ ಹೊರತೆಗೆಯದೆ ಅವಳ ಮುಂದೆ ಕೂತು ಸೊನ್ನೆಗಳ ಮಾತು ಹೇಳಿದೆ. ಮೊದಲು ಅವಳಿಗೆ ತಿಳಿಯಲಿಲ್ಲ.

"ಸೊನ್ನಿ ಬರದ್ರ ಏನಾಗ್ತೈತಿ?"

"ನೀವು ಸೊಪ್ಪು ತಿನ್ನಂಗಿಲ್ಲ ಅಂತ ಆಗ್ತೈತಿ. ಅದನ್ನ ನೋಡಿ ಸಾಹೇಬರು ಎಣ್ಣಿ ಹೊಡಸಿದ್ರು. ನಾ ಖರೆ ಬರದಿದ್ರ ಒಡ್ಡು ಬಿಡತಿದ್ರು."

ಒಲೆಯ ಮುಂದಿದ್ದ ರೇಣವ್ವನ ಕೈ ನಿಂತಿತು.

"ನೀ ಕಂಡಿದ್ದಿಯಲ್ಲ" ಎಂದಳು ಮಾಳವ್ವ. "ಬಂದಾಗೆಲ್ಲಾ ಕಂಡಿದ್ದಿ. ಒಡ್ಡಿನ ಮ್ಯಾಲ ಕುಂದ್ರಿಸಿ ನಿನ್ನ ಕೈಯಾಗ ಹಾಕೇನಿ. ನೀ ತಿಂದದ್ದರೆ ಬರದಿಯೇನು?"

ನಾನು ತಕ್ಕಡಿಯ ಚೀಲವನ್ನು ಹತ್ತಿರ ಎಳೆದುಕೊಂಡೆ.

"ಮಳ್ಯಾಗ ನಡಿಯಾಕ ತ್ರಾಸ ಆಗಿದ್ರ ಹೇಳಬೇಕಿತ್ತು. ನಾನ ತಂದು ತೂಕಕ್ಕ ಹಾಕತಿದ್ನಿ. ನಾ ಏನ್ ಒಲ್ಲೆ ಅಂತಿದ್ನೇನು?" ಅವಳ ದನಿ ಏರಲಿಲ್ಲ. ಎದ್ದು ನಿಂತು, "ಹೊತ್ತಾತ್ರಿ. ನಿಮ್ಮ ಬಸ್ಸು ಬರೂ ಹೊತ್ತಾತು, ಬಾಯಾರ" ಎಂದಳು.

ಆ 'ಬಾಯಾರ' ಕೇಳಿ ನಾನು ಮೆಟ್ಟಿಲು ಇಳಿದದ್ದು ಹೇಗೋ ನೆನಪಿಲ್ಲ.

ಮರುದಿನ ಪಾಟೀಲ ಸರ್‌ಗೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವತ್ತ ಎಲ್ಲಾರ ಮುಂದ ಕೇಳಿದ್ನೆಲ್ರಿ" ಎಂದರಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು. ನನ್ನ ಕೆಲಸ ತೆಗೆಯಲಿಲ್ಲ. ಮೂರು ತಿಂಗಳ ಸೊಪ್ಪಿನ ಸಾಲನ್ನು ಅಳಿಸಿಹಾಕಿ, ಎರಡನೆಯ ವರ್ಷ ನನ್ನನ್ನೇ ಮೊದಲ ಬಸ್ಸಿಗೆ ಕಳಿಸಿದರು. ತಾವೂ ಬಂದು ಬದುಗಳನ್ನು ನೋಡಿದರು. ಬದುವಿಗೆ ಔಷಧ ಹೊಡೆಯಬಾರದೆಂಬ ತೀರ್ಮಾನವಾಯಿತು. ಆದರೆ ಅಷ್ಟರಲ್ಲಿ ಪ್ರಯೋಗದ ಹೊಲಗಳನ್ನು ನೋಡಿದ ಸುತ್ತಲಿನ ರೈತರು ತಾವೇ ಡಬ್ಬಿ ತಂದು ಹೊಡೆಯತೊಡಗಿದ್ದರು. ಕಸ ತೆಗೆಯುವ ಶ್ರಮ ತಪ್ಪಿದವರಿಗೆ ನಿಲ್ಲಿಸಿ ಎಂದು ಹೇಳಲು ನಮ್ಮ ಮಾತಿಗೆ ಬಲವಿರಲಿಲ್ಲ.

ರೇಣವ್ವನಿಗೆ ಹೆಣ್ಣುಮಗು ಹುಟ್ಟಿತು. ಹೆರಿಗೆಯಲ್ಲಿ ರಕ್ತ ಹಾಕಬೇಕಾಯಿತು. ಮಗು ಸಣ್ಣದಿತ್ತು, ಆದರೆ ಗಟ್ಟಿಯಾಗಿತ್ತು. ರಕ್ತ ಕಡಿಮೆಯಾದದ್ದು ಸೊಪ್ಪಿಲ್ಲದೆ ಎಂದು ಯಾವ ವೈದ್ಯರೂ ಹೇಳಲಿಲ್ಲ. ಅಲ್ಲವೆಂದು ನನಗೆ ನಾನೇ ಹೇಳಿಕೊಳ್ಳಲೂ ಆಗಲಿಲ್ಲ.

ಎರಡನೆಯ ವರ್ಷದ ಒಪ್ಪಿಗೆ ಪತ್ರ ಹಿಡಿದು ಹೋದಾಗ ಹನ್ನೊಂದು ಮನೆಯವರು ಹೆಬ್ಬೆರಳು ಒತ್ತಿದರು, ಸಹಿ ಹಾಕಿದರು. ಮಾಳವ್ವ ಒಲ್ಲೆ ಎಂದಳು. ಮನೆಯೊಂದು ಸಂಶೋಧನೆಯನ್ನು ಬಿಟ್ಟ ಕಾರಣವನ್ನೂ ಟ್ಯಾಬಿನಲ್ಲಿ ತುಂಬಬೇಕಿತ್ತು. ಊರು ಬಿಟ್ಟರು, ತೀರಿಕೊಂಡರು, ಆಸಕ್ತಿಯಿಲ್ಲ, ಇತರೆ. ನಾನು 'ಇತರೆ' ಒತ್ತಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಪಾಟೀಲ ಸರ್ ಅದನ್ನು ಹೊಡೆದುಹಾಕಲಿಲ್ಲ. ವರದಿ ಅಚ್ಚಾದಾಗ ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ, ಏಳೆಂಟು ಸಾಲು ಉಳಿದಿತ್ತು. ದತ್ತಾಂಶ ಸಂಗ್ರಹದಲ್ಲಿ ಆದ ಲೋಪದಿಂದ ಕುಟುಂಬವೊಂದರ ಆಹಾರ ಮೂಲಕ್ಕೆ ಹಾನಿಯಾಯಿತು, ಕುಟುಂಬ ಹಿಂದೆ ಸರಿಯಿತು ಎಂದು.

ಪುಸ್ತಕ ಕೈಗೆ ಬಂದ ವಾರವೇ ಅದನ್ನು ತೆಗೆದುಕೊಂಡು ಆ ಹಳ್ಳಿಗೆ ಹೋದೆ. ಮಾಳವ್ವ ಪಡಸಾಲೆಯಲ್ಲಿ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಎಡಗೈಯಿಂದ. "ಬರ್ರಿ ಬಾಯಾರ" ಎಂದಳು. ಚಾಪೆ ಸರಿಸಿದಳು. ನಾನು ಆ ಸಾಲುಗಳನ್ನು ಮೊದಲು ಇದ್ದಂತೆ ಓದಿದೆ, ಆಮೇಲೆ ಮನೆಯ ಮಾತಿನಲ್ಲಿ ಬಿಡಿಸಿ ಹೇಳಿದೆ. ಅವಳು ಮಗುವನ್ನು ತಟ್ಟುವುದು ನಿಲ್ಲಿಸದೆ ಪೂರ್ತಿ ಕೇಳಿದಳು.

"ಇದು ನಾವೇನ್ರಿ? ಕುಟುಂಬ ಅಂದ್ರ?"

"ಹೂಂ ಬೇ. ನೀವ."

"ಹೆಸರಿಲ್ಲ."

"ಹೆಸರು ಹಾಕೂದಿಲ್ಲ ಬೇ. ಯಾರದೂ ಹಾಕಂಗಿಲ್ಲ. ನಿಯಮ ಹಂಗೈತಿ."

"ಆತು. ನನ್ನ ಕೈ ಮುರದದ್ದು ಇದರಾಗ ಎಲ್ಲೈತ್ರಿ?"

ನಾನು ಪುಟ ತಿರುವಿದೆ. ಇಲ್ಲವೆಂದು ನನಗೆ ಗೊತ್ತಿತ್ತು, ಆದರೂ ತಿರುವಿದೆ. ಅಪಘಾತ, ಗಾಯ ಯಾವುದಕ್ಕೂ ನಮ್ಮ ನಮೂನೆಯಲ್ಲಿ ಸಾಲಿರಲಿಲ್ಲ. ಬರೆಯುವಾಗ ನನಗೂ ತೋಚಿರಲಿಲ್ಲ. ಕ್ಷಮೆ ಕೇಳಲು ಬರೆದ ಏಳೆಂಟು ಸಾಲಿನಲ್ಲೂ ನಾನು ಅವಳ ಕೈ ಬಿಟ್ಟಿದ್ದೆ.

"ಇಲ್ಲ ಬೇ" ಎಂದೆ.

ಅವಳು ತಲೆಯಾಡಿಸಿದಳು. ಒಳಗಿನಿಂದ ರೇಣವ್ವ ಊಟಕ್ಕೆ ಕರೆದಳು. ಮಾಳವ್ವ ಮಗುವನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯ ಮೊಣಕೈ ಗೋಡೆಗೆ ಆನಿಸಿ ನಿಧಾನವಾಗಿ ಎದ್ದು ಒಳಗೆ ಹೋದಳು. ಸೊನ್ನೆಯ ಮಾತು ಹೇಳುವವರೆಗೆ ಆ ಮನೆಯಲ್ಲಿ ಅವಳು ಒಂದು ಸಲವೂ ನನಗೆ ಉಣ್ಣು ಎನ್ನದೆ ಬಿಟ್ಟಿರಲಿಲ್ಲ. ಅವತ್ತು ಅವಳು ಉಣ್ಣು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಳಗೆ ಗಂಗಾಳಗಳ ಸಪ್ಪಳ ಕೇಳುತ್ತ, ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ನಾನು ಪಡಸಾಲೆಯಲ್ಲಿ ಬಹಳ ಹೊತ್ತು ಕೂತೇ ಇದ್ದೆ.